ಕತ್ತರಿ ಹಿಡಿಯುವ ಮೊದಲು ಮೊಗ್ಗು ಹುಡುಕಿ

(ಮನೆತೋಟದ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಕಾಣಿಸಬೇಕಾಗಿರುವುದರಿಂದ ಕೆಲವು ಕಡೆ ಹಿಗ್ಗಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಮೂರು ಸಾಮಾನು ಇಟ್ಟಿದ್ದೇನೆ. ಒಂದು ಗಿಡ ಸವರುವ ಕತ್ತರಿ, ಒಂದು ಬ್ಲೇಡು, ಇನ್ನೊಂದು ಎಲೆಯೆಲ್ಲ ಉದುರಿ, ಒಲೆಗೆ ಹಾಕೋಣವೇ ಎನ್ನಿಸುವಂತಿರುವ ಕಡ್ಡಿ. ಇವುಗಳಲ್ಲಿ ಕತ್ತರಿಯನ್ನು ಕೊನೆಗೆ ಮುಟ್ಟುತ್ತೇನೆ. ಇವತ್ತಿನ ಮಾತು ದೊಡ್ಡ ಹೂಗೊಂಚಲು ಬಿಡುವ ಹೈಡ್ರೇಂಜಿಯಾ ಎಂಬ ಪೊದೆಗಿಡದ ಬಗ್ಗೆ. ನನ್ನ ಮೊದಲ ಹೈಡ್ರೇಂಜಿಯಾ ನಾಲ್ಕು ವರ್ಷ ಒಂದೇ ಒಂದು ಹೂ ಬಿಡಲಿಲ್ಲ. ಅದಕ್ಕೆ ಕಾರಣ ಈ ಕತ್ತರಿ. ನಿಜ ಹೇಳಬೇಕೆಂದರೆ ಕತ್ತರಿ ಹಿಡಿದ ಕೈ.

ಗುಲಾಬಿಯಲ್ಲಿ ಪಳಗಿದ ಕೈ ನನ್ನದು. ಚಳಿಗಾಲ ಮುಗಿಯುವ ಹೊತ್ತಿಗೆ ಗುಲಾಬಿಯನ್ನು ಮೊಣಕಾಲೆತ್ತರಕ್ಕೆ ಸವರಿದರೆ ಅದು ಹುರುಪಿನಿಂದ ಚಿಗುರಿ ಹೂ ತುಂಬಿಕೊಳ್ಳುತ್ತದೆ ಎಂದು ಅನುಭವದಿಂದ ಗೊತ್ತಿತ್ತು. ಅದೇ ಉಪಚಾರವನ್ನು ಹೈಡ್ರೇಂಜಿಯಾಕ್ಕೂ ಮಾಡಿದೆ. ಎಲೆಗಳು ಅಂಗೈ ಮೀರಿ ಬೆಳೆದವು, ಗಿಡ ದುಂಡಗೆ ಸೊಂಪಾಯಿತು, ಹೂ ಮಾತ್ರ ಇಲ್ಲ. ಮರುವರ್ಷ ಗೊಬ್ಬರ ಜಾಸ್ತಿ ಹಾಕಿದೆ. ಎಲೆ ಇನ್ನೂ ದೊಡ್ಡದಾಯಿತು. ನೋಡಿದವರೊಬ್ಬರು "ಇದು ಗಂಡು ಗಿಡ ಇರಬೇಕು" ಎಂದು ತೀರ್ಪು ಕೊಟ್ಟರು. ನಾನೂ ಅರ್ಧ ನಂಬಿದೆ. ಆದರೆ ಬೇಲಿಯ ಆಚೆ ಯಾರೂ ತಿರುಗಿ ನೋಡದೆ ಬಿಟ್ಟಿದ್ದ ಅದೇ ಜಾತಿಯ ಗಿಡ ವರ್ಷವರ್ಷವೂ ಹೂವಿನಿಂದ ಬಗ್ಗಿ ನಿಲ್ಲುತ್ತಿತ್ತು. ಅದಕ್ಕೆ ನನ್ನಷ್ಟು ಆರೈಕೆ ಸಿಕ್ಕಿರಲಿಲ್ಲ. ಅದೇ ಅದರ ಪುಣ್ಯ.

ಈಗ ಈ ಕಡ್ಡಿಗೆ ಬರೋಣ. ತುದಿಯಲ್ಲಿ ಒಂದು ದಪ್ಪ ಮೊಗ್ಗಿದೆ. ಅದರ ಕೆಳಗೆ ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಒಂದೊಂದು ಜೋಡಿ ಮೊಗ್ಗುಗಳಿವೆ. ಮೇಲಿನ ಜೋಡಿಗಳು ಉಬ್ಬಿಕೊಂಡಿವೆ. ಕೆಳಗೆ ಹೋದ ಹಾಗೆ ಸಣ್ಣದಾಗಿ, ಚೂಪಾಗಿ, ಕಡ್ಡಿಗೆ ಒತ್ತಿಕೊಂಡಿವೆ. ತುದಿಯ ಮೊಗ್ಗನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳುತ್ತೇನೆ. ಹೊರಗಡೆ ಎಳೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಮಡಚಿ ಕುಳಿತಿವೆ. ಅವುಗಳ ನಟ್ಟನಡುವೆ, ಭೂತಗನ್ನಡಿಯಲ್ಲಿ ನೋಡಿದರೆ, ಹೂಕೋಸಿನ ಚೂರಿನಂತೆ ಗುಳ್ಳೆಗುಳ್ಳೆಯಾದ ಒಂದು ತಿಳಿಹಸಿರು ಗಂಟು. ಸಾಸಿವೆ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಬರುವ ಬೇಸಿಗೆಯ ಹೂಗೊಂಚಲು ಅದೇ. ಚಳಿಗಾಲದಲ್ಲಿ, ಈ ಒಣಕಲು ಕಡ್ಡಿಯ ತುದಿಯಲ್ಲಿ ಅದು ಆಗಲೇ ತಯಾರಾಗಿ ಕುಳಿತಿದೆ. ನಾನು ನಾಲ್ಕು ವರ್ಷ ಮೊಣಕಾಲೆತ್ತರಕ್ಕೆ ಸವರಿ ಗೊಬ್ಬರದ ಗುಂಡಿಗೆ ಎಸೆದದ್ದು ಇದನ್ನೇ.

(ಇಲ್ಲಿ ಕಡ್ಡಿಯನ್ನೂ ಭೂತಗನ್ನಡಿಯನ್ನೂ ಸಭೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸಲಾಯಿತು. ಅದು ಹಿಂದಿನ ಸಾಲು ಮುಟ್ಟುವವರೆಗೆ ಮಾತು ನಿಂತಿತ್ತು.)

ಈ ಕಡ್ಡಿ ಹೈಡ್ರೇಂಜಿಯಾ ಮ್ಯಾಕ್ರೋಫಿಲ್ಲಾದ್ದು. ಮ್ಯಾಕ್ರೋಫಿಲ್ಲಾ ಎಂದರೆ ದೊಡ್ಡ ಎಲೆಯದು. ಹೈಡ್ರೇಂಜಿಯಾ ಎಂದಾಗ ಬಹಳ ಜನರ ಕಣ್ಣಿಗೆ ಬರುವ ನೀಲಿ, ಗುಲಾಬಿ ಚೆಂಡುಗಳು ಇದರವು. ಮೂಲ ಜಪಾನ್. ಇದರಲ್ಲಿ ಎರಡು ರೂಪಗಳಿವೆ. ಒಂದರಲ್ಲಿ ಗೊಂಚಲು ಪೂರ್ತಿ ಚೆಂಡಿನಂತಿರುತ್ತದೆ. ಇನ್ನೊಂದರಲ್ಲಿ ತಟ್ಟೆಯಂತೆ ಚಪ್ಪಟೆ. ನಡುವೆ ಕಾಳು ಹರಡಿದ ಹಾಗೆ ಸಣ್ಣ ಸಣ್ಣ ಹೂಗಳು, ಅಂಚಿನಲ್ಲಿ ಮಾತ್ರ ಅಗಲವಾದ ಹೂಗಳ ಒಂದು ಸುತ್ತು. ಬೀಜ ಕಟ್ಟುವ ನಿಜವಾದ ಹೂಗಳು ಆ ಕಾಳುಗಳೇ. ಅಗಲವಾಗಿ ಕಾಣುವುದು ದಳವೂ ಅಲ್ಲ, ಬಣ್ಣ ಹಚ್ಚಿಕೊಂಡ ಪುಷ್ಪಪತ್ರ, ಅಂದರೆ ದಳಗಳ ಹೊರಗಿನ ಎಲೆಯಂಥ ಭಾಗ. ಜೇನುನೊಣಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದು ಚೆಂಡನ್ನು ಬಿಟ್ಟು ತಟ್ಟೆಗೇ ಹೋಗುತ್ತದೆ. ನನಗೂ ತಟ್ಟೆಯೇ ಇಷ್ಟ. ಮಳೆ ಬಿದ್ದಾಗ ಚೆಂಡು ನೀರು ಕುಡಿದು ತಲೆ ತಗ್ಗಿಸುತ್ತದೆ, ತಟ್ಟೆ ನೆಟ್ಟಗೆ ನಿಲ್ಲುತ್ತದೆ.

ಈ ಗಿಡ ಸಸ್ಯಶಾಸ್ತ್ರಜ್ಞರನ್ನೂ ಏಮಾರಿಸಿದೆ. 1784ರಲ್ಲಿ ಥನ್‌ಬರ್ಗ್ ಇದನ್ನು ವೈಬರ್ನಮ್ ಎಂಬ ಬೇರೆಯೇ ಕುಲಕ್ಕೆ ಸೇರಿಸಿ ವರ್ಣಿಸಿದ್ದರು. 1830ರಲ್ಲಿ ಸೆರಿಂಜ್ ಅದನ್ನು ಹೈಡ್ರೇಂಜಿಯಾ ಕುಲಕ್ಕೆ ತಂದರು. 1823ರಲ್ಲಿ ಜಪಾನಿನ ನಾಗಸಾಕಿಯಲ್ಲಿದ್ದ ಡಚ್ ವ್ಯಾಪಾರಿಗಳ ನೆಲೆ ದೆಜಿಮಾಕ್ಕೆ ಬಂದ ವೈದ್ಯ ಸೀಬೋಲ್ಡ್ ಒಂದು ಬಗೆಗೆ 'ಒಟಾಕ್ಸಾ' ಎಂದು ಹೆಸರಿಟ್ಟರು. ಅದು ಅವರ ಸಂಗಾತಿ ಕುಸುಮೊಟೊ ತಾಕಿಯವರನ್ನು ಕರೆಯುತ್ತಿದ್ದ 'ಓತಾಕಿ-ಸಾನ್' ಎಂಬುದರ ರೂಪ. ಅವರು ದೇಶ ಬಿಡಬೇಕಾಗಿ ಬಂತು, ತಾಕಿ ಅಲ್ಲೇ ಉಳಿದರು. ಹೆಸರು ಮಾತ್ರ ಗಿಡದ ಜೊತೆ ದೇಶ ಸುತ್ತಿತು. ಹೈಡ್ರೇಂಜಿಯಾ ಎಂಬ ಪದದ ಬಗ್ಗೆಯೂ ಒಂದು ಮಾತು. ಹೈಡ್ರ ಎಂದ ಕೂಡಲೇ ಇದು ನೀರಿನ ಗಿಡ ಎಂದುಕೊಂಡು ಸದಾ ಕೆಸರಿನಲ್ಲಿ ನಿಲ್ಲಿಸುವವರಿದ್ದಾರೆ. ಗ್ರೀಕ್ ಮೂಲದ ಆ ಹೆಸರು ನೀರಿನ ಪಾತ್ರೆ ಎಂದು ಹೇಳುತ್ತದೆ. ಪಾತ್ರೆಯಂತಿರುವುದು ಅದರ ಪುಟ್ಟ ಬೀಜಕೋಶ. ಕೆಸರಿನಲ್ಲಿ ನಿಂತರೆ ಬೇರು ಕೊಳೆಯುತ್ತದೆ.

ಸವರುವ ಮಾತಿಗೆ ಮರಳುತ್ತೇನೆ. ತಿಂಗಳ ಹೆಸರು ಹೇಳುವುದಿಲ್ಲ. ಒಂದೊಂದು ಊರಿನ ಋತು ಒಂದೊಂದು ಥರ. ಗಿಡದ ಪಂಚಾಂಗವನ್ನೇ ಹಿಡಿಯೋಣ. ಮ್ಯಾಕ್ರೋಫಿಲ್ಲಾ ಬೇಸಿಗೆಯಲ್ಲಿ ಹೂ ಬಿಡುತ್ತದೆ. ಬೇಸಿಗೆ ಇಳಿದು ರಾತ್ರಿಗಳು ತಂಪಾಗುವಾಗ, ಆ ವರ್ಷ ಬೆಳೆದ ಕೊಂಬೆಗಳ ತುದಿಯಲ್ಲಿ ಮುಂದಿನ ವರ್ಷದ ಹೂಮೊಗ್ಗು ಕಟ್ಟುತ್ತದೆ. ಅಂದರೆ ಹೂ ಮುಗಿಯುವುದಕ್ಕೂ ಹೊಸ ಮೊಗ್ಗು ಕಟ್ಟುವುದಕ್ಕೂ ನಡುವೆ ಇರುವ ಕೆಲವೇ ವಾರಗಳು ನಿಮ್ಮ ಕತ್ತರಿಗೆ ಸಿಗುವ ಬಿಡುವು. ಬಾಡಿದ ಗೊಂಚಲಿನ ಕೆಳಗೆ ಕೊಂಬೆಯನ್ನು ನೋಡುತ್ತಾ ಬನ್ನಿ. ಮೊದಲು ಸಿಗುವ ಗಟ್ಟಿ ಮೊಗ್ಗಿನ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ. ಅಷ್ಟು ಸಾಕು. ಹಿಮ ಬೀಳುವ ಕಡೆ ಇರುವವರು ಇದನ್ನೂ ಮಾಡದೆ ಒಣಗಿದ ಗೊಂಚಲನ್ನು ಚಳಿಗಾಲ ಪೂರ್ತಿ ಗಿಡದ ಮೇಲೇ ಬಿಡುವುದು ಒಳ್ಳೆಯದು. ಕೆಳಗಿನ ಮೊಗ್ಗುಗಳಿಗೆ ಅದು ಟೋಪಿಯ ಹಾಗೆ. ಚಳಿ ಪೂರ್ತಿ ಇಳಿದ ಮೇಲೆ ತೆಗೆದರಾಯಿತು. ಮೊಗ್ಗು ಒಡೆದ ಮೇಲೂ ಒಂದು ರಾತ್ರಿ ಹಿಮ ಬೀಳುವ ಸೂಚನೆ ಇದ್ದರೆ ಹಳೆಯ ಬೆಡ್‌ಶೀಟ್ ಒಂದನ್ನು ಹೊದಿಸಿ. ವರ್ಷವಿಡೀ ಕಾದ ಹೂವನ್ನು ಹಿಮ ಒಂದೇ ರಾತ್ರಿ ಸುಟ್ಟುಹಾಕಬಲ್ಲದು.

ಹಾಗಾದರೆ ಗಿಡ ಮುದಿಯಾಗಿ ಒತ್ತೊತ್ತಾದರೆ? ತಲೆ ಬೋಳಿಸಬೇಡಿ, ಬುಡದಿಂದ ತೆಗೆಯಿರಿ. ತೊಗಟೆ ಬೂದಿಬಣ್ಣಕ್ಕೆ ತಿರುಗಿ ಸುಲಿಯುತ್ತಿರುವ, ತುದಿಯಲ್ಲಿ ಸಣಕಲು ಟಿಸಿಲು ಮಾತ್ರ ಉಳಿದಿರುವ ಒಂದೆರಡು ಕೊಂಬೆಗಳನ್ನು ವರ್ಷಕ್ಕೊಮ್ಮೆ ನೆಲಮಟ್ಟಕ್ಕೆ ಕತ್ತರಿಸಿದರೆ ಆ ಜಾಗಕ್ಕೆ ಬುಡದಿಂದ ಹೊಸದು ಏಳುತ್ತದೆ. ತೀರಾ ಹಾಳಾಗಿದ್ದರೆ ವರ್ಷಕ್ಕೆ ಮೂರನೇ ಒಂದು ಭಾಗದಂತೆ ಮೂರು ವರ್ಷದಲ್ಲಿ ಇಡೀ ಗಿಡವನ್ನು ಹೊಸದು ಮಾಡಬಹುದು, ಹೂವನ್ನು ಪೂರ್ತಿ ಕಳೆದುಕೊಳ್ಳದೆ. ಬೆಟ್ಟದ ಹೈಡ್ರೇಂಜಿಯಾ ಎನ್ನುವ ಸೆರ್ರಾಟಾಕ್ಕೂ ಇದೇ ಕ್ರಮ. ಅದು ಇದರ ತಂಗಿಯಿದ್ದಂತೆ. ಎಲೆ ಸಣ್ಣದು, ಕಡ್ಡಿ ತೆಳ್ಳಗೆ, ಕುಂಡಕ್ಕೆ ಚೆನ್ನಾಗಿ ಒಗ್ಗುತ್ತದೆ.

ಇಷ್ಟೆಲ್ಲ ಕೇಳಿ ಕತ್ತರಿಯನ್ನು ಅಟ್ಟಕ್ಕೆ ಹಾಕಿಬಿಡುವವರಿಗೆ ಈಗ ಉಲ್ಟಾ ಹೇಳಬೇಕು. ಪ್ಯಾನಿಕ್ಯುಲಾಟಾ ಮತ್ತು ಅರ್ಬೋರೆಸೆನ್ಸ್ ಎಂಬ ಎರಡು ಜಾತಿಗಳು ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಚಳಿಗಾಲದಲ್ಲಿ ಇವುಗಳ ಮೊಗ್ಗು ಸೀಳಿದರೆ ಹೂಕೋಸು ಕಾಣುವುದಿಲ್ಲ, ಎಲೆ ಮಾತ್ರ. ನನ್ನ ಗುಲಾಬಿ ಬುದ್ಧಿ ಇಲ್ಲಿ ಸಲ್ಲುತ್ತದೆ. ಚಳಿಗಾಲದ ಕೊನೆಯಲ್ಲಿ, ಚಿಗುರು ಒಡೆಯುವ ಮೊದಲು, ಧೈರ್ಯವಾಗಿ ಸವರಿ.

ಪ್ಯಾನಿಕ್ಯುಲಾಟಾವನ್ನು ಗುರುತಿಸುವುದು ಸುಲಭ: ಗೊಂಚಲು ಚೆಂಡಲ್ಲ, ಗೋಪುರ. ಇದ್ದುದರಲ್ಲಿ ಬಿಸಿಲು, ಚಳಿ ಎರಡನ್ನೂ ಚೆನ್ನಾಗಿ ತಡೆಯುವುದು ಇದೇ. ಬಿಟ್ಟರೆ ಆಳೆತ್ತರ ಮೀರಿ ಬೆಳೆಯುತ್ತದೆ; ಒಂದೇ ಕಾಂಡ ಬಿಟ್ಟು ಪುಟ್ಟ ಮರವಾಗಿಯೂ ಬೆಳೆಸಬಹುದು. ಇಲ್ಲಿ ಕತ್ತರಿಯ ಜೊತೆ ಒಂದು ಚೌಕಾಸಿ ನಡೆಯುತ್ತದೆ. ಹಿಂದಿನ ವರ್ಷದ ಕೊಂಬೆಗಳನ್ನು ಒಂದೆರಡು ಜೋಡಿ ಮೊಗ್ಗು ಉಳಿಯುವಷ್ಟು ಮೋಟು ಮಾಡಿದರೆ ಕೆಲವೇ ಉದ್ದನೆಯ ಚಿಗುರು ಬಂದು ದೊಡ್ಡ ದೊಡ್ಡ ಗೋಪುರ ಹೊರುತ್ತವೆ. ತುದಿಯನ್ನಷ್ಟೇ ಸವರಿದರೆ ಚಿಗುರು ಹೆಚ್ಚು, ಗೊಂಚಲು ಹೆಚ್ಚು, ಗಾತ್ರ ಚಿಕ್ಕದು. ನಾನು ನಡುದಾರಿ ಹಿಡಿಯುತ್ತೇನೆ, ಎತ್ತರದ ಅರ್ಧದಷ್ಟು ತೆಗೆಯುತ್ತೇನೆ. ಬಿಳಿಯಾಗಿ ಅರಳಿದ ಇದರ ಹೂ ರಾತ್ರಿ ತಂಪಾದಂತೆ ಗುಲಾಬಿಗೆ ತಿರುಗುತ್ತದೆ. ಅದು ವಯಸ್ಸಿನ ಬಣ್ಣ, ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಅರ್ಬೋರೆಸೆನ್ಸ್ ಅಮೆರಿಕದ ಪೂರ್ವ ಭಾಗದ ಕಾಡಿನದು. ಇದರ ಪ್ರಸಿದ್ಧ ತಳಿ 'ಅನಾಬೆಲ್' ಯಾರೂ ತಳಿ ಬೆರೆಸಿ ಸೃಷ್ಟಿಸಿದ್ದಲ್ಲ. 1910ರ ಸುಮಾರಿಗೆ ಇಲಿನಾಯ್ ರಾಜ್ಯದ ಅನಾ ಎಂಬ ಊರಿನ ಬಳಿ ಕಾಡಿನಲ್ಲಿ ಕಣ್ಣಿಗೆ ಬಿದ್ದ ಗಿಡ ಅದು. ದಶಕಗಳ ಕಾಲ ಅಲ್ಲಿನ ಮನೆಯಂಗಳಗಳಲ್ಲಿ ಕೈಯಿಂದ ಕೈಗೆ ದಾಟಿ, 1960ರ ದಶಕದಲ್ಲಿ ಹೆಸರು ಪಡೆದು ಮಾರುಕಟ್ಟೆಗೆ ಬಂತು. ಕಡ್ಡಿ ಹಂಚಿಕೊಳ್ಳುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ. ಇದನ್ನು ನೆಲಮಟ್ಟಕ್ಕೆ ಕತ್ತರಿಸಿದರೂ ಮತ್ತೆ ಬಂದು ಹೂ ಬಿಡುತ್ತದೆ. ಆದರೆ ಹಾಗೆ ಮಾಡಿದಾಗ ಎಳೆಯ ಕಡ್ಡಿಯ ಮೇಲೆ ಊಟದ ತಟ್ಟೆಯಷ್ಟಗಲದ ಹೂ ಕುಳಿತು, ಒಂದು ಮಳೆಗೆ ಗಿಡ ನಾಲ್ಕು ದಿಕ್ಕಿಗೂ ಅಡ್ಡ ಬೀಳುತ್ತದೆ. 30ರಿಂದ 45 ಸೆಂಟಿಮೀಟರ್ ಮೋಟು ಉಳಿಸಿ. ಹಳೆಯ ಕಡ್ಡಿಗಳೇ ಹೊಸದಕ್ಕೆ ಊರುಗೋಲಾಗುತ್ತವೆ.

ಎರಡಕ್ಕೂ ನಡುವೆ ನಿಲ್ಲುವ ಮ್ಯಾಕ್ರೋಫಿಲ್ಲಾ ತಳಿಗಳೂ ಈಗ ಇವೆ: ಹಳೆಯ ಕಡ್ಡಿಯಲ್ಲೂ ಹೂ, ಹೊಸ ಚಿಗುರಿನಲ್ಲೂ ಹೂ. 1998ರಲ್ಲಿ ಮಿನ್ನೆಸೋಟದ ಒಂದು ನರ್ಸರಿಯಲ್ಲಿ ಮೈಕೆಲ್ ಡರ್ ಎಂಬ ಸಸ್ಯತಜ್ಞರು ಇಂಥ ಗಿಡವನ್ನು ಗುರುತಿಸಿದರು. ಮೇಲ್ಭಾಗವೆಲ್ಲ ಸಾಯುವಂಥ ಚಳಿಯ ಸೀಮೆಯಲ್ಲೂ ಅದು ಹೊಸ ಚಿಗುರಿನಿಂದಲೇ ಹೂ ಬಿಡಬಲ್ಲದಾಗಿತ್ತು. 2004ರಲ್ಲಿ 'ಎಂಡ್‌ಲೆಸ್ ಸಮ್ಮರ್' ಹೆಸರಿನಲ್ಲಿ ಅದು ಹೊರಬಂತು. ಒಳ್ಳೆಯ ಗಿಡವೇ. ಆದರೆ ಹೊಸ ಚಿಗುರಿನ ಹೂ ತಡವಾಗಿ ಬರುತ್ತದೆ, ಕಡಿಮೆ ಬರುತ್ತದೆ. ಹಳೆಯ ಕಡ್ಡಿಯನ್ನು ಉಳಿಸಿಕೊಂಡವರಿಗೇ ಅದರ ಪೂರ್ತಿ ಫಲ.

ಓಕ್ ಎಲೆಯ ಕ್ವೆರ್ಸಿಫೋಲಿಯಾವನ್ನು ನಾನು ಬೆಳೆಸುವುದು ಹೂವಿಗಲ್ಲ, ಎಲೆಗೆ. ಶರತ್ಕಾಲದಲ್ಲಿ ಅದು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ, ಎಲೆ ಉದುರಿದ ಮೇಲೆ ಸುಲಿಯುವ ದಾಲ್ಚಿನ್ನಿ ಬಣ್ಣದ ತೊಗಟೆ ಇನ್ನೊಂದು ಚೆಂದ. ಹಳೆಯ ಕಡ್ಡಿಯಲ್ಲೇ ಹೂ. ಒಣಗಿದ್ದನ್ನು ಬಿಟ್ಟು ಬೇರೇನೂ ತೆಗೆಯಬೇಡಿ. ಗೋಡೆಗೆ ಹಬ್ಬುವ ಪೆಟಿಯೋಲಾರಿಸ್ ಕಾಂಡದಿಂದಲೇ ಬೇರು ಬಿಟ್ಟು ಅಂಟಿಕೊಳ್ಳುತ್ತದೆ. ಮೊದಲ ಕೆಲವು ವರ್ಷ ಅದು ಸತ್ತಿದೆಯೋ ಬದುಕಿದೆಯೋ ತಿಳಿಯುವುದಿಲ್ಲ. ಆಮೇಲೆ ಅದನ್ನು ತಡೆಯುವುದೇ ಕೆಲಸ.

ಜಾಗದ ವಿಷಯ ಚುಟುಕಾಗಿ ಮುಗಿಸುತ್ತೇನೆ. ಬೆಳಗಿನ ಎಳೆಬಿಸಿಲು, ಮಧ್ಯಾಹ್ನ ನೆರಳು. ಪೂರ್ತಿ ಕತ್ತಲೆಯಲ್ಲಿಟ್ಟರೆ ಎಲೆ ಮಾತ್ರ ಬರುತ್ತದೆ. ಮಣ್ಣಿನಲ್ಲಿ ಎಲೆಗೊಬ್ಬರ ಧಾರಾಳವಾಗಿರಲಿ, ಮೇಲೆ ತರಗೆಲೆಯ ಹೊದಿಕೆ ಇರಲಿ. ಹೊದಿಕೆ ಕಾಂಡಕ್ಕೆ ತಾಗದಿರಲಿ. ಸಾರಜನಕದ ಗೊಬ್ಬರ ಸುರಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಎರಡನೇ ವರ್ಷದ ಗಿಡವೇ ಸಾಕ್ಷಿ. ಇನ್ನು ನೀರು. ಮಧ್ಯಾಹ್ನ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದರೆ ಗಾಬರಿಯಾಗಿ ಕೊಡ ಎತ್ತಬೇಡಿ. ಅಷ್ಟಗಲದ ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರು ನೀರು ಪೂರೈಸಲಾರದು, ಮಣ್ಣು ಒದ್ದೆಯಿದ್ದರೂ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ತಂಪಾಗಿದ್ದರೆ ಸಂಜೆಯವರೆಗೆ ಕಾಯಿರಿ, ಗಿಡ ತಾನೇ ತಲೆ ಎತ್ತುತ್ತದೆ. ಬೆಳಿಗ್ಗೆಯೂ ಜೋತಿದ್ದರೆ ಆಗ ಅದು ಬಾಯಾರಿಕೆ. ನೀರನ್ನು ಬುಡಕ್ಕೆ ಹಾಕಿ. ಎಲೆ ತೋಯಿಸಿದರೆ ಚುಕ್ಕೆರೋಗ ಕರೆದಂತೆ.

ಈಗ ನೀವೆಲ್ಲ ಕಾಯುತ್ತಿರುವ ವಿಷಯ: ಬಣ್ಣ. ಮ್ಯಾಕ್ರೋಫಿಲ್ಲಾ ಮತ್ತು ಸೆರ್ರಾಟಾದ ನೀಲಿಗೂ ಗುಲಾಬಿಗೂ ವರ್ಣದ್ರವ್ಯ ಒಂದೇ, ಆಂಥೋಸಯನಿನ್ ಗುಂಪಿನ ಡೆಲ್ಫಿನಿಡಿನ್. ಅದರ ಜೊತೆ ಅಲ್ಯೂಮಿನಿಯಂ ಸೇರಿದರೆ ನೀಲಿ, ಸೇರದಿದ್ದರೆ ಗುಲಾಬಿ. ಅಲ್ಯೂಮಿನಿಯಂ ಹೆಚ್ಚುಕಡಿಮೆ ಎಲ್ಲ ಮಣ್ಣಿನಲ್ಲೂ ಇರುತ್ತದೆ, ಆದರೆ ಬೇರಿಗೆ ದಕ್ಕುವಂತೆ ಕರಗುವುದು ಹುಳಿಮಣ್ಣಿನಲ್ಲಿ. ಹಾಗಾಗಿ ಮಣ್ಣಿನ ರಸಸಾರ (ಹುಳಿ ಅಳೆಯುವ pH; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ಇದ್ದರೆ ನೇರಳೆ ಅಥವಾ ಒಂದೇ ಗಿಡದಲ್ಲಿ ಎರಡೂ. ಗಮನಿಸಿ, ಲಿಟ್ಮಸ್ ಕಾಗದ ಹುಳಿಗೆ ಕೆಂಪಾಗುತ್ತದೆ; ಈ ಹೂವಿನದು ತಿರುಗುಮುರುಗು. ಮಣ್ಣಿನ ಹುಳಿ ನೇರವಾಗಿ ಹೂವಿಗೆ ಬಣ್ಣ ಹಾಕುವುದಿಲ್ಲ, ಅಲ್ಯೂಮಿನಿಯಂಗೆ ಬಾಗಿಲು ತೆರೆಯುತ್ತದೆ ಅಷ್ಟೆ.

ಇದು ಗೊತ್ತಾದರೆ ಅರ್ಧ ಮನೆಮದ್ದುಗಳು ತಾವೇ ಬಿದ್ದುಹೋಗುತ್ತವೆ. ತುಕ್ಕು ಮೊಳೆ ಹೂತರೆ ನೀಲಿಯಾಗುತ್ತದೆ ಎನ್ನುತ್ತಾರೆ, ಬೇಕಾದ್ದು ಕಬ್ಬಿಣವಲ್ಲ. ಕಾಫಿ ಚರಟ ಕಾಂಪೋಸ್ಟಿಗೆ ಒಳ್ಳೆಯದು, ಬಣ್ಣ ತಿರುಗಿಸುವಷ್ಟು ಹುಳಿ ಅದರಲ್ಲಿ ಉಳಿದಿರುವುದಿಲ್ಲ. ನೀಲಿ ಬೇಕಿದ್ದವರು ಅಲ್ಯೂಮಿನಿಯಂ ಸಲ್ಫೇಟನ್ನು ಪೊಟ್ಟಣದ ಮೇಲಿನ ಪ್ರಮಾಣ ಮೀರದಂತೆ ನೀರಿನಲ್ಲಿ ಕರಗಿಸಿ, ಮೊದಲೇ ತೋಯಿಸಿದ ಮಣ್ಣಿಗೆ, ಹೂ ಕಾಣುವ ಬಹಳ ಮುಂಚೆ ಹಾಕಬೇಕು. ಅತಿಯಾದರೆ ಬೇರು ಸುಡುತ್ತದೆ. ರಂಜಕ ಹೆಚ್ಚಿರುವ ಗೊಬ್ಬರ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ನೀಲಿ ಬೇಕೆನ್ನುವವರು ಅದನ್ನು ದೂರವಿಡಿ. ಗುಲಾಬಿ ಬೇಕಿದ್ದವರಿಗೆ ಸುಣ್ಣ. ಸಿಮೆಂಟ್ ಗೋಡೆಯ ಬದಿಯ ಗಿಡ ಎಷ್ಟು ಉಪಚರಿಸಿದರೂ ಗುಲಾಬಿಗೇ ಜಗ್ಗುತ್ತದೆ, ಗೋಡೆಯಿಂದ ಸುಣ್ಣ ಇಳಿಯುತ್ತಿರುತ್ತದೆ. ಗಡಸು ನೀರು ಹಾಕುವವರಿಗೂ ಅದೇ ಪಾಡು. ಸಾಧ್ಯವಾದರೆ ಮಳೆನೀರು ಹಿಡಿದಿಡಿ. ಬಿಳಿ ತಳಿಗಳ ಮೇಲೆ ಇದಾವುದೂ ನಡೆಯುವುದಿಲ್ಲ. ನೆಲದ ಗಿಡದ ಬಣ್ಣ ತಿರುಗಿಸಲು ನಾನೊಮ್ಮೆ ಎರಡು ವರ್ಷ ಹೆಣಗಿದೆ. ಸಿಕ್ಕಿದ್ದು ಮಸುಕಾದ ಒಂದು ನೇರಳೆ. ಈಗ ನೀಲಿ ಬೇಕೆನ್ನಿಸಿದರೆ ಕುಂಡದಲ್ಲಿ ಬೆಳೆಸುತ್ತೇನೆ, ಅಲ್ಲಿ ಮಣ್ಣು ನನ್ನ ಮಾತು ಕೇಳುತ್ತದೆ.

ಹೊಸ ಗಿಡ ಮಾಡುವುದು ಕಷ್ಟವೇ ಅಲ್ಲ. ಬೇಸಿಗೆಯ ಆರಂಭದಲ್ಲಿ, ಹೂವಿಲ್ಲದ ಎಳೆ ಕೊಂಬೆಯಿಂದ 10-15 ಸೆಂಟಿಮೀಟರಿನ ತುಂಡನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ. ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿಬಿಡಿ. ಬೇರಿಲ್ಲದ ಕಡ್ಡಿಗೆ ಪೂರ್ತಿ ಎಲೆಯನ್ನು ಸಾಕುವ ಶಕ್ತಿ ಇರುವುದಿಲ್ಲ. ಒದ್ದೆ ಮರಳುಮಿಶ್ರಿತ ಮಣ್ಣಿಗೆ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಿ. ಮೂರು ನಾಲ್ಕು ವಾರದಲ್ಲಿ ಮೆಲ್ಲಗೆ ಎಳೆದು ನೋಡಿದರೆ ಕಡ್ಡಿ ಎದುರು ಜಗ್ಗುತ್ತದೆ. ಕ್ವೆರ್ಸಿಫೋಲಿಯಾ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ; ಅದರ ತಗ್ಗಿನ ಕೊಂಬೆಯನ್ನು ಬಗ್ಗಿಸಿ ಮಣ್ಣಿನಡಿ ಹುಗಿದು, ಮೇಲೊಂದು ಕಲ್ಲು ಹೇರಿ ಮರೆತುಬಿಡುವುದೇ ವಾಸಿ.

ಕೊನೆಗೆ ಪ್ರಶ್ನೆಗಳು ಬಂದವು. ನಾಯಿ ಎಲೆ ಜಗಿದರೆ ಅಪಾಯವೇ ಎಂದು ಒಬ್ಬರು ಕೇಳಿದರು. ಹೌದು, ಎಲೆ ಮತ್ತು ಮೊಗ್ಗಿನಲ್ಲಿ ಸಯನೈಡ್ ಬಿಡಬಲ್ಲ ರಾಸಾಯನಿಕಗಳಿವೆ. ವಾಂತಿ, ಭೇದಿ ಆಗಬಹುದು. ಸಾಕುಪ್ರಾಣಿಗೂ ಚಿಕ್ಕ ಮಕ್ಕಳಿಗೂ ನಿಲುಕದ ಕಡೆ ಇಡಿ. ಉಡುಗೊರೆಯಾಗಿ ಬಂದ ಕುಂಡದ ಗಿಡ ಮತ್ತೆ ಹೂ ಬಿಡಲೇ ಇಲ್ಲ ಎಂದು ಇನ್ನೊಬ್ಬರು ಬೇಸರ ತೋಡಿಕೊಂಡರು. ಅಂಥ ಗಿಡಗಳನ್ನು ತಂಪು ಕೋಣೆಯಲ್ಲಿ ವಾರಗಟ್ಟಲೆ ಇಟ್ಟು, ಆಮೇಲೆ ಬೆಚ್ಚಗೆ ಮಾಡಿ, ಬೇಕಾದ ಹೊತ್ತಿಗೆ ಅರಳಿಸಿರುತ್ತಾರೆ. ಮನೆಯೊಳಗೆ ವರ್ಷವಿಡೀ ಒಂದೇ ಬೆಚ್ಚನೆಯಲ್ಲಿದ್ದರೆ ಅದಕ್ಕೆ ಮೊಗ್ಗು ಕಟ್ಟುವ ಸೂಚನೆಯೇ ಸಿಗುವುದಿಲ್ಲ. ರಾತ್ರಿಗಳು ತಂಪಾಗುವ ಕಾಲದಲ್ಲಿ ಹೊರಗಿಡಿ, ಆ ಮೇಲೆ ಸವರಬೇಡಿ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, "ನಮ್ಮ ಗಿಡದ ಚೀಟಿ ಎಂದೋ ಕಳೆದುಹೋಗಿದೆ. ಹಳೆಯ ಕಡ್ಡಿಯದೋ ಹೊಸ ಚಿಗುರಿನದೋ ಹೇಗೆ ತಿಳಿಯುವುದು?" ಎಂದು ಕೇಳಿದರು. ನಾನು ಹೇಳಿದ್ದು ಇದು: ಚಳಿಗಾಲದ ಕೊನೆಯಲ್ಲಿ ಎರಡು ಕೊಂಬೆಗಳನ್ನು ಮಾತ್ರ ಮೊಣಕಾಲೆತ್ತರಕ್ಕೆ ಕತ್ತರಿಸಿ, ಅವುಗಳಿಗೆ ಕೆಂಪು ದಾರ ಕಟ್ಟಿ. ಉಳಿದ ಗಿಡವನ್ನು ಮುಟ್ಟಬೇಡಿ. ಬೇಸಿಗೆಯಲ್ಲಿ ದಾರ ಕಟ್ಟಿದ ಕೊಂಬೆಯ ಚಿಗುರಿನಲ್ಲೂ ಹೂ ಬಂದರೆ ಮುಂದಿನ ವರ್ಷ ಕತ್ತರಿ ಹಿಡಿಯಿರಿ. ಉಳಿದವುಗಳಲ್ಲಿ ಮಾತ್ರ ಬಂದರೆ ನಿಮ್ಮದೂ ನನ್ನ ಗಿಡದ ಜಾತಿಯೇ. "ಒಂದು ವರ್ಷ ಕಾಯಬೇಕಲ್ಲ" ಎಂದರು ಅವರು. ನಾನು ನಾಲ್ಕು ವರ್ಷ ಕಾದಿದ್ದೆ ಎಂದೆ. ಅವರು ನಕ್ಕು ಕುಳಿತರು; ಸೀಳಿದ ಮೊಗ್ಗಿನ ಆ ಕಡ್ಡಿ ಇನ್ನೂ ಅವರ ಕೈಯಲ್ಲೇ ಇತ್ತು.